ಹಾಸಿಗೆ ಇದ್ದಷ್ಟು ಮನೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಅವರು ಹೇಳಿದ್ದು ಹಣದ ವಿಷಯವಾಗಿ. ಹಾಸಿಗೆಯೂ ಕಾಲೂ ಅಲ್ಲಿ ಬರಿಯ ಉಪಮಾನ. ಆದರೆ ಹಾಸಿಗೆಯನ್ನೇ ಅಳತೆಗೋಲಾಗಿ ಹಿಡಿದು ಮನೆಯನ್ನು ಅಳೆಯುವ ಜನವೂ ಭೂಮಿಯ ಮೇಲೆ ಉಂಟು. ಅವರು ಜಪಾನೀಯರು.

ಬತ್ತದ ಹುಲ್ಲನ್ನು ಒತ್ತಿ ಗಟ್ಟಿಮಾಡಿ, ಅದರ ಮೇಲೆ ಜೊಂಡಿನ ನೇಯ್ಗೆಯನ್ನು ಹೊದಿಸಿದ ದಪ್ಪ ಚಾಪೆಗೆ ಅಲ್ಲಿ ‘ತತಾಮಿ’ ಎಂದು ಹೆಸರು. ಒಬ್ಬ ಮನುಷ್ಯ ಮೈಚಾಚಿ ಮಲಗಲು ಬೇಕಾದಷ್ಟೇ ಅದರ ಉದ್ದಗಲ. ಇಂದು ಟೋಕಿಯೊ ನಗರದ ಎಷ್ಟೋ ಕೋಣೆಗಳಲ್ಲಿ ತತಾಮಿ ಹೋಗಿ ಹಲಗೆಯ ನೆಲ ಬಂದಿದೆ. ಆದರೂ ಅಳತೆ ಮಾತ್ರ ಹೋಗಿಲ್ಲ. ಬಾಡಿಗೆಯ ಜಾಹೀರಾತುಗಳಲ್ಲಿ ಇಂದಿಗೂ ‘ಆರು ಚಾಪೆ’, ‘ಎಂಟು ಚಾಪೆ’ ಎಂದೇ ಬರೆಯುತ್ತಾರೆ. ಒಂದು ಚಾಪೆ ಎಂದರೆ 1.62 ಚದರ ಮೀಟರಿಗೆ ಕಡಿಮೆಯಾಗಕೂಡದೆಂದು ನಿಯಮವೂ ಇದೆ. ಆರು ಚಾಪೆಯ ಕೋಣೆ ಸುಮಾರು 105 ಚದರ ಅಡಿ. ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಹೇಳುವುದಾದರೆ ಒಂದು ಚದರ. ನಮ್ಮಲ್ಲಿ ಮೂವತ್ತು ನಲವತ್ತರ ನಿವೇಶನ ಸಿಕ್ಕಿತೆಂದು ಹಿಗ್ಗುವ ಗೃಹಸ್ಥನು ತನಗೆ ತಿಳಿಯದೆಯೇ ಸುಮಾರು 69 ಚಾಪೆಗಳ ಒಡೆಯನಾಗಿರುತ್ತಾನೆ!

ಈ ಚಾಪೆಯ ಲೆಕ್ಕವನ್ನು ನನಗೆ ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಓದಿದ್ದು ಗಣಕವಿಜ್ಞಾನ. ಕನ್ನಡವನ್ನು ಭಾಷಾವಿಷಯವಾಗಿ ಆರಿಸಿಕೊಂಡಿದ್ದ ಕಾರಣ ಎರಡು ವರ್ಷ ನನ್ನ ಪಾಠವನ್ನು ಸಹಿಸಿಕೊಂಡ. ಈಗ ಟೋಕಿಯೊದಲ್ಲಿ ಕೆಲಸದಲ್ಲಿದ್ದಾನೆ. ಆಗಾಗ ಉದ್ದುದ್ದವಾಗಿ ಬರೆಯುತ್ತಾನೆ. ಬರುವುದು ಕೈಫೋನಿನಲ್ಲಾದರೂ ನಾನು ಅವುಗಳನ್ನು ಪತ್ರಗಳೆಂದೇ ಕರೆಯುತ್ತೇನೆ. ಪತ್ರದ ಗುಣ ಅವುಗಳಲ್ಲಿದೆ.

ಅವನ ಮೊದಲ ಪತ್ರದಲ್ಲಿ ಒಂದು ಹಾಸ್ಯವಿತ್ತು: “ಮೇಷ್ಟ್ರೇ, ನಾನು ಮ್ಯಾನ್ಷನ್ ಹುಡುಕುತ್ತಿದ್ದೇನೆ.” ಇಂಗ್ಲಿಷಿನಲ್ಲಿ ಈ ಪದಕ್ಕೆ ಸಿರಿವಂತರ ಭವ್ಯಭವನವೆಂದು ಅರ್ಥ. ಜಪಾನಿನಲ್ಲಿ ಕಾಂಕ್ರೀಟಿನ ಬಹುಮಹಡಿ ಕಟ್ಟಡಕ್ಕೆಲ್ಲ ಮ್ಯಾನ್ಷನ್ ಎಂದೇ ಹೆಸರು. ಮರ ಅಥವಾ ಹಗುರ ಉಕ್ಕಿನಿಂದ ಕಟ್ಟಿದ ಎರಡಂತಸ್ತಿನ ವಠಾರಕ್ಕೆ ‘ಅಪಾತೊ’ ಎಂದು ಹೆಸರು. ಅವನು ಹುಡುಕುತ್ತಿದ್ದ ಭವ್ಯಭವನ ‘1 ಕೆ’ ಜಾತಿಯದು; ಎಂದರೆ ಒಂದು ಕೋಣೆ, ಪಕ್ಕದಲ್ಲಿ ಒಬ್ಬರು ನಿಲ್ಲಬಹುದಾದ ಅಡುಗೆಮನೆ. ಹೊಸ್ತಿಲ ಒಳಗೆ ಪಾದರಕ್ಷೆ ಬಿಡಲು ಒಂದು ಮೆಟ್ಟಿಲು ತಗ್ಗಾದ ಜಾಗ. ಹೊರಗೆ ಬಟ್ಟೆಯನ್ನೂ ಹಾಸಿಗೆಯನ್ನೂ ಬಿಸಿಲಿಗೆ ಹರಡಲು ಒಂದು ಕಿರುಜಗಲಿ. ಇಷ್ಟೇ ಸಂಸಾರ.

ಬಾಡಿಗೆ ಎಷ್ಟು? ನಗರದ ಪೂರ್ವದ ಅಂಚಿನಲ್ಲಿ ಅವನು ನೋಡಿದ ಮೊದಲ ಕೋಣೆಗೆ ತಿಂಗಳಿಗೆ 70 ಸಾವಿರ ಯೆನ್, ನಮ್ಮ ಲೆಕ್ಕದಲ್ಲಿ ಸುಮಾರು 40 ಸಾವಿರ ರೂಪಾಯಿ. ಕೇಳಿದೊಡನೆ ನಾನು ಹೌಹಾರಿದೆ. ಆದರೆ ಅಲ್ಲಿ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹೊಸಬನಿಗೂ ತಿಂಗಳಿಗೆ 2 ಲಕ್ಷ ಯೆನ್ನಿಗೆ ಮೇಲ್ಪಟ್ಟು ಸಂಬಳವಿರುವುದುಂಟು. ಸಂಬಳದ ಮೂರನೆಯ ಒಂದು ಪಾಲಿಗೆ ಜಗತ್ತಿನ ಅತಿ ದೊಡ್ಡ ನಗರಗಳಲ್ಲೊಂದರಲ್ಲಿ, ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಸ್ವಂತ ಬಾಗಿಲೂ ಸ್ವಂತ ಸ್ನಾನದ ಮನೆಯೂ ಉಳ್ಳ ಕೋಣೆ ಸಿಗುವುದೆಂದರೆ ಸಾಮಾನ್ಯವಲ್ಲ. ಲಂಡನ್, ನ್ಯೂಯಾರ್ಕುಗಳಲ್ಲಿ ಇಂಥ ಕೋಣೆಯನ್ನು ಈ ದರಕ್ಕೆ ಕನಸಿನಲ್ಲಿ ಮಾತ್ರ ಕಾಣಬೇಕು.

ಇದು ತಾನಾಗಿ ಆದುದಲ್ಲ. 1923ರ ಸೆಪ್ಟೆಂಬರ್ 1ರ ಭೂಕಂಪ, ಅದರ ಹಿಂದೆಯೇ ಎದ್ದ ಬೆಂಕಿ ಟೋಕಿಯೊ ನಗರವನ್ನು ಸುಟ್ಟು ಬಯಲು ಮಾಡಿದವು. 1945ರ ಬಾಂಬುಗಳು ಮತ್ತೊಮ್ಮೆ ಸುಟ್ಟವು. ಯುದ್ಧ ಮುಗಿದಾಗ ಇಡೀ ದೇಶಕ್ಕೆ 42 ಲಕ್ಷ ಮನೆಗಳ ಕೊರತೆಯೆಂದು ಲೆಕ್ಕ ಹಾಕಲಾಗಿತ್ತು. ಜನ ಗುಡಿಸಲಲ್ಲಿ, ಮುರಿದ ಬಸ್ಸುಗಳಲ್ಲಿ ಸಂಸಾರ ಹೂಡಿದರು. ಆಗ ವಿದ್ವಾಂಸರು ಒಂದು ಪ್ರಶ್ನೆಯನ್ನೆತ್ತಿದರು: ಬಡವನ ಮನೆ ಚಿಕ್ಕದಾಗಿರಲಿ, ಆದರೆ ಅವನು ಉಂಡ ಜಾಗದಲ್ಲಿಯೇ ಮಲಗಬೇಕೆ? ಉಣ್ಣುವ ತಾವು ಬೇರೆ, ಮಲಗುವ ತಾವು ಬೇರೆ ಇರಬೇಕೆಂದು ವಾದಿಸಿದವರಲ್ಲಿ ನಿಷಿಯಾಮ ಉಜೊ ಎಂಬ ವಾಸ್ತುಶಾಸ್ತ್ರಜ್ಞರು ಮುಖ್ಯರು. 1951ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಯೋಷಿತಾಕೆ ಯಾಸುಮಿಯವರ ಬಳಗ ಸರ್ಕಾರಿ ಮನೆಗಳಿಗಾಗಿ ಒಂದು ನಕ್ಷೆ ಬರೆಯಿತು. 40 ಚದರ ಮೀಟರನ್ನು ಮೀರದ ಆ ಮನೆಯಲ್ಲಿ ಅಡುಗೆಮನೆಯನ್ನು ಕೊಂಚ ಹಿಗ್ಗಿಸಿ ಅಲ್ಲಿಯೇ ಊಟದ ಮೇಜಿಗೆ ಎಡೆ ಮಾಡಿಕೊಟ್ಟರು. ಬಾಡಿಗೆಯ ಜಾಹೀರಾತುಗಳಲ್ಲಿ ಇಂದಿಗೂ ಕಾಣುವ ‘2 ಡಿಕೆ’ ಎಂಬ ಸಂಕೇತ ಆ ಅಡುಗೆ-ಊಟದ ಮನೆಯ ನೆನಪು. 1955ರಲ್ಲಿ ಸರ್ಕಾರ ಒಂದು ವಸತಿ ನಿಗಮವನ್ನೇ ಸ್ಥಾಪಿಸಿತು. ಅದು ಸಾಲುಸಾಲಾಗಿ ಕಟ್ಟಿದ ‘ದಾಂಚಿ’ ಎಂಬ ಬಡಾವಣೆಗಳಿಗೆ ಅರ್ಜಿ ಹಾಕಿ, ಚೀಟಿ ಎತ್ತಿ, ಅದೃಷ್ಟವಿದ್ದವರು ಒಳಹೊಕ್ಕರು.

ನಿಯಮಗಳೂ ನೆರವಾದವು. ಯಾವ ಬೀದಿಯಲ್ಲಿ ಏನು ಕಟ್ಟಬಹುದೆಂಬುದನ್ನು ಅಲ್ಲಿ ಓಣಿಯ ಹಿರಿಯರ ಮರ್ಜಿಗೆ ಬಿಟ್ಟಿಲ್ಲ. ದೇಶಕ್ಕೆಲ್ಲ ಒಂದೇ ಕಾನೂನು, ಅದರಲ್ಲಿ ಹದಿಮೂರು ಬಗೆಯ ವಲಯಗಳು. ನಕ್ಷೆ ಕಾನೂನಿಗೆ ಒಪ್ಪಿದರೆ ಮುಗಿಯಿತು, ಕಟ್ಟಡ ಏಳುತ್ತದೆ; ನೆರೆಯವನ ಮುಖ ಗಂಟಿಕ್ಕಿದರೆ ಇಕ್ಕಿಕೊಳ್ಳಲಿ. ಹೀಗಾಗಿ ಟೋಕಿಯೊದಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಹೊಸ ಮನೆಗಳ ಕೆಲಸ ಆರಂಭವಾಗುತ್ತದೆ. ಇನ್ನು ಬಾಡಿಗೆದಾರನನ್ನು ಎಬ್ಬಿಸುವುದು ಸುಲಭವಲ್ಲ. ನ್ಯಾಯವಾದ ಕಾರಣವಿಲ್ಲದೆ ಮಾಲೀಕನು ಕರಾರನ್ನು ಮುಂದುವರಿಸದಿರುವಂತಿಲ್ಲ ಎಂಬ ನಿಯಮ 1941ರಿಂದಲೇ ಇದೆ.

‘ಮನೆ ಕಟ್ಟಿ ನೋಡು’ ಎನ್ನುವ ನಮಗೆ ಇನ್ನೊಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಮನೆಯೆಂಬುದು ಮೊಮ್ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಲ್ಲ. ತೆರಿಗೆಯ ಲೆಕ್ಕದಲ್ಲಿ ಮರದ ಮನೆಯ ಆಯುಸ್ಸು 22 ವರ್ಷ, ಕಾಂಕ್ರೀಟಿನದು 47 ವರ್ಷ. ಆಮೇಲೆ ಬೆಲೆಯೆಲ್ಲ ನೆಲಕ್ಕೆ, ಗೋಡೆಗಲ್ಲ. ಈ ಅನಿತ್ಯತೆಯ ಅರಿವು ಆ ನಾಡಿಗೆ ಹೊಸದಲ್ಲ. 1212ರಲ್ಲಿ ಕಾಮೊ ನೊ ಚೋಮೇಯ್ ಎಂಬ ವಿರಕ್ತ ಕವಿ ‘ಹೋಜೋಕಿ’ ಎಂಬ ಪುಟ್ಟ ಗದ್ಯಗ್ರಂಥವನ್ನು ಬರೆದ. ಬೆಂಕಿ, ಸುಂಟರಗಾಳಿ, ಬರ, ಭೂಕಂಪಗಳು ಕ್ಯೋಟೊ ರಾಜಧಾನಿಯ ಮಹಲುಗಳನ್ನು ಉರುಳಿಸಿದ್ದನ್ನು ಕಣ್ಣಾರೆ ಕಂಡು, ಕೊನೆಗಾಲದಲ್ಲಿ ಬೆಟ್ಟದ ಮೇಲೆ ಹತ್ತಡಿ ಚೌಕದ ಗುಡಿಸಲಲ್ಲಿ ನೆಲೆಸಿದವನು ಆತ. ಬೇಸರವಾದರೆ ಬಿಚ್ಚಿ ಎರಡು ಗಾಡಿಯಲ್ಲಿ ಬೇರೆಡೆಗೆ ಒಯ್ಯಬಹುದಾದ ಗುಡಿಸಲು ಅದು. ಅದರ ವಿಸ್ತೀರ್ಣ ಸುಮಾರು 9 ಚದರ ಮೀಟರ್. ಈಚಿನ ವರ್ಷಗಳಲ್ಲಿ ಟೋಕಿಯೊದ ತರುಣರು ನಗರದ ನಡುವೆ ಇರಬೇಕೆಂಬ ಆಸೆಗೆ ಬಿದ್ದು ಒಪ್ಪಿಕೊಂಡಿರುವ ಅತಿ ಚಿಕ್ಕ ಕೋಣೆಗಳೂ ಸುಮಾರು 9 ಚದರ ಮೀಟರಿನವೇ. ಚೋಮೇಯ್ ಲೋಕವನ್ನು ಬಿಟ್ಟು ಅಷ್ಟು ಜಾಗಕ್ಕೆ ಬಂದ. ಇವರು ಲೋಕದ ನಟ್ಟನಡುವೆ ಉಳಿಯಲು ಅಷ್ಟು ಜಾಗಕ್ಕೆ ಬಂದಿದ್ದಾರೆ.

ಹಾಗೆಂದು ಅಲ್ಲಿ ಎಲ್ಲವೂ ಅಗ್ಗವೆಂದು ವಾಚಕರು ತಿಳಿಯಬಾರದು. 1980ರ ದಶಕದ ಕೊನೆಯಲ್ಲಿ ನೆಲದ ಬೆಲೆಗೆ ಹುಚ್ಚು ಹಿಡಿದಿತ್ತು. ಟೋಕಿಯೊದ ಅರಮನೆಯ ಆವರಣವೊಂದನ್ನು ಮಾರಿದರೆ ಇಡೀ ಕ್ಯಾಲಿಫೋರ್ನಿಯವನ್ನು ಕೊಳ್ಳಬಹುದೆಂಬ ಮಾತು ಹುಟ್ಟಿದ್ದು ಆಗಲೇ. 1990ರ ದಶಕದ ಆರಂಭದಲ್ಲಿ ಗುಳ್ಳೆ ಒಡೆಯಿತು. ಅನಂತರ ಸುಮಾರು ಎರಡು ದಶಕ ಬಾಡಿಗೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತವು. ಈಗ ಮತ್ತೆ ಬೆಲೆಗಳು ಏರಿವೆ. ನಗರದ 23 ವಾರ್ಡುಗಳಲ್ಲಿ ಹೊಸ ಮ್ಯಾನ್ಷನ್ ಮನೆಯೊಂದರ ಸರಾಸರಿ ಬೆಲೆ 2023ರಲ್ಲಿ 11 ಕೋಟಿ 48 ಲಕ್ಷ ಯೆನ್ ಆಗಿತ್ತು. ಸಂಬಳದವನು ಕೊಳ್ಳುವ ಕನಸನ್ನು ಬಿಟ್ಟು ಬಾಡಿಗೆಗೇ ನಿಲ್ಲುತ್ತಾನೆ.

ಬಾಡಿಗೆಗೆ ನಿಲ್ಲುವುದಕ್ಕೂ ಮೊದಲು ತೆರಬೇಕಾದ ಕಾಣಿಕೆಗಳಿವೆ. ನನ್ನ ವಿದ್ಯಾರ್ಥಿ ಪಟ್ಟಿ ಮಾಡಿ ಕಳುಹಿಸಿದ್ದ. ಮೊದಲ ತಿಂಗಳ ಬಾಡಿಗೆ ಒಂದು. ‘ಶಿಕಿಕಿನ್’ ಎಂಬ ಠೇವಣಿ ಒಂದು ತಿಂಗಳದು. ಇದು ರಿಪೇರಿಯ ಖರ್ಚು ಕಳೆದು ಮರಳುತ್ತದೆ. ‘ರೇಕಿನ್’ ಒಂದು ತಿಂಗಳದು; ಇದಕ್ಕೆ ಕೃತಜ್ಞತೆಯ ಹಣವೆಂದು ಅರ್ಥ. ಮನೆ ಕೊಟ್ಟ ಮಹಾನುಭಾವನಿಗೆ ವಂದನಾಪೂರ್ವಕವಾಗಿ ಅರ್ಪಿಸಿ ಮರೆತುಬಿಡಬೇಕು. ದಲ್ಲಾಳಿಗೆ ಒಂದು ತಿಂಗಳದು ಮತ್ತು ಅದರ ಮೇಲಿನ ತೆರಿಗೆ. ಜಾಮೀನು ಕಂಪನಿಗೆ ಅರ್ಧ ತಿಂಗಳದು. ಎಲ್ಲ ಸೇರಿ ಸುಮಾರು 3 ಲಕ್ಷ 20 ಸಾವಿರ ಯೆನ್. ಎರಡು ವರ್ಷಕ್ಕೊಮ್ಮೆ ಕರಾರು ಹೊಸದು ಮಾಡುವಾಗ ಇನ್ನೊಂದು ತಿಂಗಳ ಬಾಡಿಗೆಯನ್ನು ಕೊಡುವ ರೂಢಿಯೂ ಟೋಕಿಯೊದಲ್ಲಿದೆ. ಅದು ಅತಿಯಾಗದಿದ್ದರೆ ಸಿಂಧುವೆಂದು 2011ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಹತ್ತು ತಿಂಗಳ ಮುಂಗಡವನ್ನು ಕೇಳಿ, ಹೋಗುವಾಗ ಸುಣ್ಣಬಣ್ಣದ ಖರ್ಚನ್ನು ಹಿಡಿದುಕೊಳ್ಳುವ ಬೆಂಗಳೂರಿನಿಂದ ಹೋದ ಹುಡುಗನಿಗೆ ಇದೇನೂ ದೊಡ್ಡ ಆಘಾತವಾಗಲಿಲ್ಲ. ಹಣ ಹೊಂದಿಸಿಕೊಂಡ.

ಆಘಾತ ಬಂದದ್ದು ಬೇರೆ ಕಡೆಯಿಂದ. ಮೂರು ಕೋಣೆಗಳನ್ನು ಅವನು ಮೆಚ್ಚಿದ. ಮೂರು ಸಲವೂ ದಲ್ಲಾಳಿ ಮಾಲೀಕರಿಗೆ ದೂರವಾಣಿ ಮಾಡಿ, ಮೆಲುದನಿಯಲ್ಲಿ ಮಾತನಾಡಿ, ಮರಳಿ ಬಂದು, ಸೊಂಟ ಬಾಗಿಸಿ ಕ್ಷಮೆ ಕೇಳಿದ. ಒಡೆಯರು ವಿದೇಶೀಯರಿಗೆ ಕೊಡುವುದಿಲ್ಲವಂತೆ. “ಮೇಷ್ಟ್ರೇ, ಇಲ್ಲಿ ಇಲ್ಲವೆನ್ನುವವರು ಎಷ್ಟು ಬಾಗಿ ನಮಸ್ಕರಿಸುತ್ತಾರೆಂದರೆ, ಕೇಳಿದ ನಮಗೇ ನಾಚಿಕೆಯಾಗುತ್ತದೆ. ಈ ಊರಿನ ಬಾಡಿಗೆಗೆ ನನ್ನ ಸಂಬಳ ಸಾಲುತ್ತದೆ, ನಾನು ಸಾಲುವುದಿಲ್ಲ” ಎಂದು ಬರೆದ.

ಅವನೊಬ್ಬನ ಕಥೆಯಲ್ಲ ಇದು. ಜಪಾನಿನ ನ್ಯಾಯ ಸಚಿವಾಲಯವೇ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶೀಯರ ಪೈಕಿ ನೂರಕ್ಕೆ 39 ಮಂದಿ, ವಿದೇಶೀಯರೆಂಬ ಕಾರಣಕ್ಕೇ ತಮಗೆ ಮನೆ ಸಿಗಲಿಲ್ಲವೆಂದು ಹೇಳಿದ್ದರು. ಮಾಲೀಕನ ಅಂಜಿಕೆ ಇಷ್ಟೆ: ಇವನು ಬಾಡಿಗೆ ಕೊಡದೆ ಹೋದರೆ ಯಾರನ್ನು ಹಿಡಿಯಲಿ? ಇವನಿಗೆ ಜಾಮೀನು ಯಾರು?

ಕೊನೆಗೆ ಅವನಿಗೆ ಮನೆ ಕೊಟ್ಟದ್ದು ಎದೊಗಾವ ವಾರ್ಡಿನ ನಿಷಿ-ಕಸಾಯ್ ಎಂಬಲ್ಲಿನ ಹಳೆಯ ದಾಂಚಿ. 1955ರ ಆ ವಸತಿ ನಿಗಮದ ವಾರಸುದಾರ ಸಂಸ್ಥೆಗೆ ಈಗ ‘ಯು.ಆರ್.’ ಎಂದು ಹೆಸರು. ಸುಮಾರು 7 ಲಕ್ಷ ಬಾಡಿಗೆ ಮನೆಗಳು ಅದರ ವಶದಲ್ಲಿವೆ. ಅಲ್ಲಿ ಕೃತಜ್ಞತೆಯ ಹಣವಿಲ್ಲ, ದಲ್ಲಾಳಿಯಿಲ್ಲ, ಕರಾರು ಹೊಸದು ಮಾಡುವ ಶುಲ್ಕವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜಾಮೀನುದಾರ ಬೇಕಿಲ್ಲ. ವರಮಾನ ಸಾಕಷ್ಟಿದ್ದು ಕಾನೂನಿನಂತೆ ನೆಲೆಸಿದವನಾದರೆ ಸರಿ. 2000ನೆಯ ಇಸವಿಯ ಸುಮಾರಿಗೆ ಗಣಕಯಂತ್ರಗಳ ಕೆಲಸಕ್ಕೆಂದು ಬಂದ ಭಾರತೀಯರು ಇಲ್ಲಿ ನೆಲೆಯೂರಲು ಇದೂ ಒಂದು ಕಾರಣ. ಕಚೇರಿಗಳಿರುವ ನಡುಪೇಟೆಗೆ ನೇರವಾಗಿ ಹೋಗುವ ಸುರಂಗ ರೈಲು ಇನ್ನೊಂದು ಕಾರಣ. ಈಗ ಅಲ್ಲಿ ತೊಗರಿಬೇಳೆಯೂ ಸಿಗುತ್ತದೆ, ಸಾರಿನ ಪುಡಿಯೂ ಸಿಗುತ್ತದೆ.

ಅದೇ ಮಹಡಿಯಲ್ಲಿ, ಎದುರು ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ವೃದ್ಧೆಯಿದ್ದಾರೆ. ಅವನು ಅವರನ್ನು ಪತ್ರದಲ್ಲಿ ಅಜ್ಜಿ ಎಂದೇ ಬರೆಯುತ್ತಾನೆ. ಗಂಡ ತೀರಿಕೊಂಡು ಬಹಳ ವರ್ಷಗಳಾದುವು, ಮಕ್ಕಳಿಲ್ಲ. ಮೊದಲು ಖಾಸಗಿ ವಠಾರವೊಂದರಲ್ಲಿದ್ದರು. ಅದನ್ನು ಕೆಡವಿ ಕಟ್ಟಲು ಮಾಲೀಕರು ಬಿಡಿಸಿದಾಗ ಎಪ್ಪತ್ತು ದಾಟಿದ ಅವರಿಗೆ ಹೊಸ ಮನೆ ಸಿಗಲಿಲ್ಲ. ಪಿಂಚಣಿ ಇತ್ತು, ಕೂಡಿಟ್ಟ ಹಣವೂ ಇತ್ತು, ಜಾಮೀನಿಗೆ ಜನವಿರಲಿಲ್ಲ. ಅವರೂ ಬಂದು ಸೇರಿದ್ದು ಈ ದಾಂಚಿಯನ್ನೇ. ಹೊರನಾಡಿನ ತರುಣನಿಗೂ ಆ ನಾಡಿನಲ್ಲಿಯೇ ಹುಟ್ಟಿ ಬೆಳೆದ ಮುದುಕಿಗೂ ಮುಚ್ಚಿದ್ದು ಒಂದೇ ಬಾಗಿಲು.

ಇಲ್ಲಿ ಮಾಲೀಕನ ಅಂಜಿಕೆ ಬಾಡಿಗೆಯದಲ್ಲ, ಸಾವಿನದು. ಒಂಟಿಯಾಗಿ ಸತ್ತು, ಯಾರ ಕಣ್ಣಿಗೂ ಬೀಳದೆ ದಿನಗಳು ಕಳೆಯುವುದಕ್ಕೆ ಜಪಾನಿ ಭಾಷೆಯಲ್ಲಿ ‘ಕೊದೊಕುಷಿ’ ಎಂಬ ಪದವೇ ಹುಟ್ಟಿದೆ. ಒಂಟಿಯಾಗಿ ವಾಸಿಸುತ್ತಿದ್ದು ಮನೆಯಲ್ಲಿಯೇ ಸತ್ತವರನ್ನು ಆ ದೇಶದ ಪೊಲೀಸರು 2024ರಲ್ಲಿ ಎಣಿಸಿದರು: 76,020 ಮಂದಿ. ಅವರಲ್ಲಿ 58,044 ಮಂದಿ 65 ವರ್ಷ ದಾಟಿದವರು. ಹಾಗೆ ಬಹಳ ದಿನ ಕಳೆದ ಮೇಲೆ ತೆರೆದ ಕೋಣೆಗೆ ಕೆಟ್ಟ ಹೆಸರು ಅಂಟುತ್ತದೆ. ಮುಂದೆ ಬಾಡಿಗೆಗೆ ಬರುವವರಿಗೆ ಅದನ್ನು ಸುಮಾರು ಮೂರು ವರ್ಷಕಾಲ ತಿಳಿಸಬೇಕೆಂಬುದು 2021ರ ಸರ್ಕಾರಿ ಮಾರ್ಗಸೂಚಿ. ಸಹಜವಾಗಿ ಸತ್ತು ಬೇಗ ತಿಳಿದರೆ ಹೇಳಬೇಕಾಗಿಲ್ಲ. ಎಂದರೆ ಮಾಲೀಕನಿಗೆ ನಷ್ಟ ತರುವುದು ಮುದುಕರ ಸಾವಲ್ಲ. ಅದನ್ನು ಯಾರೂ ಕಾಣದೆ ಹೋಗುವುದು.

ಈ ದೇಶದಲ್ಲಿಯೇ 2023ರ ಗಣತಿಯಂತೆ 90 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಟೋಕಿಯೊ ಒಂದರಲ್ಲಿಯೇ ಸುಮಾರು 9 ಲಕ್ಷ. 1945ರಲ್ಲಿ ಜನರಿಗೆ ಮನೆಗಳಿರಲಿಲ್ಲ. ಈಗ ಮನೆಗಳಿಗೆ ಜನರಿಲ್ಲ. ಆದರೂ ಅಜ್ಜಿಗೆ ಮನೆ ಸಿಗಲಿಲ್ಲ. ನಿಯಮಗಳು ಕಟ್ಟಡವನ್ನು ಎಬ್ಬಿಸಬಲ್ಲವು, ಬಾಡಿಗೆಯನ್ನು ಹಿಡಿದು ನಿಲ್ಲಿಸಬಲ್ಲವು. ಆದರೆ ಒಬ್ಬರನ್ನೊಬ್ಬರು ನಂಬುವುದು ಕಾಂಕ್ರೀಟಿನಿಂದ ಆಗುವ ಕೆಲಸವಲ್ಲ. ಇದನ್ನು ಅಲ್ಲಿನ ಸರ್ಕಾರವೂ ಅರಿತಂತಿದೆ. 2024ರಲ್ಲಿ ತಿದ್ದಿ 2025ರ ಅಕ್ಟೋಬರಿನಲ್ಲಿ ಜಾರಿಗೆ ತಂದ ವಸತಿ ಕಾನೂನಿನಲ್ಲಿ, ಒಂಟಿ ಬಾಡಿಗೆದಾರರನ್ನು ಆಗಾಗ ಕಂಡು ವಿಚಾರಿಸುವ ಸಂಸ್ಥೆಗಳಿಗೆ ಮನ್ನಣೆ ಕೊಟ್ಟಿದ್ದಾರೆ. ಸತ್ತವರ ಸಾಮಾನನ್ನು ತೆರವು ಮಾಡುವ ಹೊಣೆಯನ್ನೂ ಅವು ಹೊರಬಹುದು.

ನನ್ನ ವಿದ್ಯಾರ್ಥಿ ಆ ಕಾನೂನನ್ನು ಓದಿದವನಲ್ಲ. ಅವನಿಗೆ ಅಜ್ಜಿ ಒಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ, ಅವನ ಅರೆಬರೆ ಜಪಾನಿಗೆ ತಕ್ಕಂತೆ ಬಿಡಿಸಿ ಬಿಡಿಸಿ ಹೇಳಿದರಂತೆ: ನಾನು ದಿನವೂ ಬೆಳಿಗ್ಗೆ ಏಳಕ್ಕೆ ಕಿಟಕಿಯ ಪರದೆ ತೆರೆಯುತ್ತೇನೆ, ನೀನು ಕೆಲಸಕ್ಕೆ ಹೋಗುವಾಗ ಒಮ್ಮೆ ನೋಡು, ತೆರೆದಿರದಿದ್ದರೆ ಬಾಗಿಲು ತಟ್ಟು. ಅಂದಿನಿಂದ ಅವನು ನೋಡುತ್ತಾನೆ. ಜಾಮೀನಿಲ್ಲವೆಂದು ಮೂರು ಮನೆಗಳಿಂದ ಮರಳಿ ಬಂದ ಹುಡುಗ ಈಗ ಒಬ್ಬರಿಗೆ ಜಾಮೀನಾಗಿದ್ದಾನೆ. ಇದಕ್ಕೆ ಕಾಗದವಿಲ್ಲ, ಮೊಹರಿಲ್ಲ.

ಈ ಪತ್ರ ಬಂದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ತಂದೆಯವರು ಕಟ್ಟಿಸಿದ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ ಇವೆ. ಎರಡು ವರ್ಷದ ಹಿಂದೆ ಅದನ್ನು ನೋಡಲು ಒಬ್ಬ ನಿವೃತ್ತ ಉಪಾಧ್ಯಾಯಿನಿ ಬಂದಿದ್ದರು, ಒಬ್ಬರೇ ಇರುವವರು. ಬಾಡಿಗೆಗೆ ಒಪ್ಪಿದರು, ಮುಂಗಡಕ್ಕೂ ಒಪ್ಪಿದರು. ನಾನು, “ಮೆಟ್ಟಿಲು ಕಡಿದಾಗಿವೆ, ನಿಮಗೆ ಕಷ್ಟವಾಗುತ್ತದಮ್ಮ” ಎಂದೆ. ಅವರು ಆ ಮೆಟ್ಟಿಲುಗಳನ್ನು ಗೋಡೆ ಹಿಡಿಯದೆ ಹತ್ತಿ ಬಂದಿದ್ದರು. “ಆಗಲಿ, ಮನಸ್ಸು ಬದಲಾದರೆ ತಿಳಿಸಿ” ಎಂದು ಚೀಟಿಯೊಂದರಲ್ಲಿ ದೂರವಾಣಿ ಸಂಖ್ಯೆ ಬರೆದುಕೊಟ್ಟು, ಗೋಡೆ ಹಿಡಿಯದೆ ಇಳಿದು ಹೋದರು. ನಾನು ಸೊಂಟ ಬಾಗಿಸಲಿಲ್ಲ ಎಂಬುದಷ್ಟೇ ಟೋಕಿಯೊದ ಮಾಲೀಕನಿಗೂ ನನಗೂ ಇದ್ದ ವ್ಯತ್ಯಾಸ.

ಆಮೇಲೆ ಬಂದ ದಂಪತಿಗಳಿಗೆ ವರ್ಗವಾಗಿದೆ. ಮುಂದಿನ ತಿಂಗಳು ಮಹಡಿ ಖಾಲಿಯಾಗುತ್ತದೆ. ಆ ಚೀಟಿಯನ್ನು ಯಾವ ಪುಸ್ತಕದೊಳಗೆ ಇಟ್ಟೆನೋ, ಎರಡು ದಿನದಿಂದ ಹುಡುಕುತ್ತಿದ್ದೇನೆ.